ನಗಿಸುವವನಿಗೆ ಯಾವ ಲೋಕ?

ರಾಜಗೃಹದ ವೇಣುವನದಲ್ಲಿ ಭಗವಾನ್ ಬುದ್ಧನು ತಂಗಿದ್ದ ಕಾಲದಲ್ಲಿ ತಾಳಪುಟನೆಂಬ ನಟರ ಮುಖ್ಯಸ್ಥನೊಬ್ಬನು ಬಂದು, ವಂದಿಸಿ, ಒಂದು ಪಕ್ಕದಲ್ಲಿ ಕುಳಿತು, ತನ್ನ ವೃತ್ತಿಗೆ ಸಂಬಂಧಿಸಿದ ಪ್ರಶ್ನೆಯೊಂದನ್ನು ಕೇಳಿದನೆಂದು ಸಂಯುತ್ತನಿಕಾಯದಲ್ಲಿ ಹೇಳಿದೆ. ರಂಗದ ಮೇಲೆ, ನೆರೆದ ಜನಸ್ತೋಮದ ನಡುವೆ, ಸತ್ಯವನ್ನೂ ಅಸತ್ಯವನ್ನೂ ಬೆರೆಸಿ ಜನರನ್ನು ನಗಿಸಿ ರಂಜಿಸುವ ನಟನು ದೇಹಾವಸಾನವಾದ ಮೇಲೆ ನಗುವ ದೇವತೆಗಳ ಲೋಕದಲ್ಲಿ ಹುಟ್ಟುವನೆಂದು ತನ್ನ ವೃತ್ತಿಯ ಪೂರ್ವಾಚಾರ್ಯರು ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ, ಈ ವಿಷಯದಲ್ಲಿ ಭಗವಂತನ ಅಭಿಪ್ರಾಯವೇನು ಎಂಬುದೇ ಆ ಪ್ರಶ್ನೆ. ಬುದ್ಧನು ಅದನ್ನು ಕೇಳದಿರುವಂತೆ ಎರಡು ಬಾರಿ ತಡೆದನು. ಮೂರನೆಯ ಬಾರಿಯೂ ಅದೇ ಪ್ರಶ್ನೆ ಬಂದಾಗ, ಇನ್ನು ಉತ್ತರಿಸದೆ ಗತ್ಯಂತರವಿಲ್ಲವೆಂದು ಕಂಡು, ಮರೆಯಿಲ್ಲದೆ ಹೇಳಿದನು: ಜನರು ಮೊದಲೇ ರಾಗ ದ್ವೇಷ ಮೋಹಗಳಿಂದ ಬಿಡುಗಡೆ ಪಡೆದವರಲ್ಲ; ನಟನು ಆ ಬಂಧನಗಳನ್ನೇ ಇನ್ನಷ್ಟು ಬಿಗಿಯುವ ವಸ್ತುಗಳನ್ನು ಅವರ ಮುಂದೆ ತಂದು ಒಡ್ಡುತ್ತಾನೆ; ತಾನೂ ಪ್ರಮತ್ತನಾಗಿ ಇತರರನ್ನೂ ಪ್ರಮತ್ತರನ್ನಾಗಿ ಮಾಡುವವನು ಹೋಗತಕ್ಕ ಲೋಕಕ್ಕೂ ನಗುವಿನ ಹೆಸರೇ ಇದೆ, ಆದರೆ ಅದು ನರಕ. ತಾಳಪುಟನು ಅತ್ತನು. ಬುದ್ಧನ ನುಡಿ ಕಠಿನವಾಯಿತೆಂದು ಅವನು ಅಳಲಿಲ್ಲ. ಇಷ್ಟು ದೀರ್ಘಕಾಲ ಹಿರಿಯರ ಮಾತಿನಿಂದ ತಾನು ವಂಚಿತನಾದೆನಲ್ಲಾ ಎಂದು ಅತ್ತನು. ಅಲ್ಲಿಯೇ ಪ್ರವ್ರಜ್ಯೆಯನ್ನು ಬೇಡಿ, ಮುಂದೆ ಅರ್ಹಂತನಾಗಿ, ಥೇರಗಾಥೆಯಲ್ಲಿ ತನ್ನ ಪದ್ಯಗಳಿಗೂ ಸ್ಥಾನ ಪಡೆದನು.

ಹಾಸ್ಯವನ್ನು ಪ್ರೀತಿಸುವವರು ಈ ಸಂವಾದವನ್ನು ಲಘುವಾಗಿ ದಾಟಿಹೋಗಬಾರದೆಂದು ನನ್ನ ನಂಬಿಕೆ. ನಗುವುದು ಆರೋಗ್ಯಕ್ಕೆ ಹಿತ, ನಗುವಿಲ್ಲದ ಬಾಳು ಬರಡು ಎಂಬಂಥ ವಾಡಿಕೆಯ ಸಮರ್ಥನೆಗಳು ಈ ಆಕ್ಷೇಪದ ಎದುರಿನಲ್ಲಿ ನಿಲ್ಲಲಾರವು, ಏಕೆಂದರೆ ಬುದ್ಧನು ಕೇಳಿದ್ದು ನಗುವಿನಿಂದ ಸುಖವುಂಟೇ ಎಂಬ ಪ್ರಶ್ನೆಯನ್ನಲ್ಲ. ನಗುವ ಕ್ಷಣದಲ್ಲಿ ನಮ್ಮ ಒಳಗಿನ ಗಂಟು ಸಡಿಲವಾಗುವುದೇ ಅಥವಾ ಬಿಗಿಯಾಗುವುದೇ ಎಂಬುದು ಆತನ ಚಿಂತೆ. ಒಬ್ಬನೇ ಒಬ್ಬ ಮನುಷ್ಯನು, ವೇಷವಿಲ್ಲದೆ, ಪರದೆಯಿಲ್ಲದೆ, ಕೇವಲ ಮಾತನ್ನು ನಂಬಿ ಸಾವಿರ ಮಂದಿಯ ಎದುರು ನಿಂತು ನಗಿಸುವ ಕಲೆ ಈಗ ಲೋಕದ ಎಲ್ಲ ಭಾಷೆಗಳಲ್ಲಿಯೂ, ನಮ್ಮ ಕನ್ನಡದಲ್ಲಿಯೂ, ಹಿಂದೆಂದೂ ಇಲ್ಲದಷ್ಟು ಹರಡಿಕೊಂಡಿರುವುದರಿಂದ, ತಾಳಪುಟನ ಪ್ರಶ್ನೆಯನ್ನು ಇಂದಿನ ಹಾಸ್ಯಗಾರರ ಪರವಾಗಿ ಮತ್ತೊಮ್ಮೆ ಕೇಳಿಕೊಳ್ಳುವುದು ಅನುಚಿತವಾಗದು.

ಬುದ್ಧನ ಪಕ್ಷಕ್ಕೆ ನಮ್ಮ ಪುರಾಣೇತಿಹಾಸಗಳಲ್ಲಿ ಸಾಕ್ಷ್ಯವು ಯಥೇಷ್ಟವಾಗಿದೆ. ಭಾದ್ರಪದ ಶುಕ್ಲ ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದೆಂದು ಮಕ್ಕಳಿಗೆ ಹೇಳುವ ಕಥೆಯಲ್ಲಿ, ತುಂಬಿದ ಹೊಟ್ಟೆಯ ಗಣಪತಿಯು ಮುಗ್ಗರಿಸಿ ಬಿದ್ದುದನ್ನು ಕಂಡು ನಕ್ಕ ತಪ್ಪಿಗಾಗಿ ಚಂದ್ರನು ಶಾಪಗ್ರಸ್ತನಾದನು. ಇಂದ್ರಪ್ರಸ್ಥದ ಮಯಸಭೆಯಲ್ಲಿಯೂ ನಡೆದದ್ದು ಒಂದು ಬೀಳುವಿಕೆಯೇ. ನೆಲವೆಂದು ತಿಳಿದು ಕೊಳಕ್ಕೆ ಬಿದ್ದ ದುರ್ಯೋಧನನನ್ನು ಕಂಡು ಭೀಮಾರ್ಜುನರೂ ನಕುಲ ಸಹದೇವರೂ ಸೇವಕರೂ ನಕ್ಕರೆಂದು ವ್ಯಾಸರು ನಿರೂಪಿಸುತ್ತಾರೆ. ಆದರೆ ಅದೇ ದುರ್ಯೋಧನನು ಹಸ್ತಿನಾವತಿಗೆ ಮರಳಿ ತಂದೆಯ ಮುಂದೆ ದುಃಖವನ್ನು ತೋಡಿಕೊಳ್ಳುವಾಗ, ಕೃಷ್ಣನೂ ನಕ್ಕನೆಂದು, ದ್ರೌಪದಿಯು ತನ್ನ ಸ್ತ್ರೀಯರೊಡನೆ ನಕ್ಕಳೆಂದು ಹೇಳುತ್ತಾನೆ. ನಿರೂಪಕನ ಕಥೆಯಲ್ಲಿ ಕೆಲವರ ಬಾಯಲ್ಲಿದ್ದ ನಗು ನೊಂದವನ ಕಥೆಯಲ್ಲಿ ಇಡೀ ಸಭೆಯನ್ನು ವ್ಯಾಪಿಸಿತು. ಅಪಹಾಸ್ಯದ ಸ್ವಭಾವವನ್ನು ಇದಕ್ಕಿಂತ ಸೂಕ್ಷ್ಮವಾಗಿ ಹೇಳಿದ ಸ್ಥಳವನ್ನು ನಾನು ಬೇರೆ ಕಾಣೆ. ನಕ್ಕವನು ಮರುಗಳಿಗೆಯಲ್ಲಿ ಮರೆಯುತ್ತಾನೆ. ನಗೆಗೆ ಗುರಿಯಾದವನಲ್ಲಿ ಅದು ದಿನದಿನಕ್ಕೂ ಬೆಳೆಯುತ್ತದೆ, ಬೆಳೆದು ಹದಿನೆಂಟು ಅಕ್ಷೌಹಿಣಿಗಳನ್ನು ನುಂಗುತ್ತದೆ. ಇಂಗ್ಲೆಂಡಿನ ತತ್ತ್ವಜ್ಞ ಹಾಬ್ಸನು ಹದಿನೇಳನೆಯ ಶತಮಾನದಲ್ಲಿ ನಗುವಿಗೆ ಕೊಟ್ಟ ವಿವರಣೆಯೂ ಇದೇ ದಿಕ್ಕಿನದು: ಇತರರ ಕೊರತೆಯೊಡನೆ ಹೋಲಿಸಿಕೊಂಡಾಗ ನಮ್ಮ ಶ್ರೇಷ್ಠತೆ ಥಟ್ಟನೆ ನಮಗೆ ಹೊಳೆಯುವುದರಿಂದ ಉಂಟಾಗುವ ಉಬ್ಬೇ ನಗು. ಹಾಗಾದರೆ ನಗು ಅಹಂಕಾರದ ಧ್ವನಿಯಲ್ಲದೆ ಮತ್ತೇನು? ಅನ್ಯಜಾತಿಯವರ ಆಡುಮಾತನ್ನು ಅಣಕಿಸಿಯೋ, ಹೆಂಡತಿಯನ್ನು ಹೀಯಾಳಿಸಿಯೋ, ಕಪ್ಪು ಮೈಯನ್ನೋ ದಪ್ಪ ದೇಹವನ್ನೋ ತೋರಿಸಿಯೋ ಚಪ್ಪಾಳೆ ಗಿಟ್ಟಿಸುವ ಹಾಸ್ಯಗಾರರು ನಮ್ಮಲ್ಲಿ ವಿರಳರಲ್ಲ. ಅವರ ಸಭೆಯಲ್ಲಿ ಏಳುವ ನಗುವು ಬುದ್ಧನು ಹೇಳಿದ ಲೋಕದ್ದೇ ಎಂಬುದನ್ನು ಒಪ್ಪಲು ನನಗೆ ಸಂಕೋಚವಿಲ್ಲ.

ಆದರೆ ಮಹಾಭಾರತದಲ್ಲಿ ಇನ್ನೊಂದು ನಗುವುಂಟು. ಮಯಸಭೆಯ ನಗೆಯಿಂದ ಮೊಳೆತ ಯುದ್ಧವು ಇನ್ನೇನು ಆರಂಭವಾಗಬೇಕು ಎನ್ನುವ ಗಳಿಗೆಯಲ್ಲಿ, ಎರಡು ಸೇನೆಗಳ ನಡುವೆ ವಿಷಾದದಲ್ಲಿ ಮುಳುಗಿ, ಬಿಲ್ಲನ್ನು ಕೆಳಗಿಟ್ಟು, ಯುದ್ಧ ಮಾಡೆನೆಂದು ಹೇಳಿ ಮೌನವಾದ ಅರ್ಜುನನಿಗೆ ಹೃಷೀಕೇಶನು ನಗುವವನ ಹಾಗೆ ಉತ್ತರವನ್ನಾರಂಭಿಸಿದನೆಂದು ಗೀತೆಯ ಎರಡನೆಯ ಅಧ್ಯಾಯದಲ್ಲಿ ಸಂಜಯನು ಹೇಳುತ್ತಾನೆ. ಬಂಧುಗಳ ಸಾವನ್ನು ನೆನೆದು ನಡುಗುತ್ತಿರುವ ಸ್ನೇಹಿತನ ಮುಂದೆ ನಗುವುದು ಕ್ರೌರ್ಯವಲ್ಲವೇ? ಕ್ರೌರ್ಯವಾಗಬಹುದಿತ್ತು, ನಗುವವನು ದೂರದಲ್ಲಿ, ಎತ್ತರದಲ್ಲಿ ನಿಂತಿದ್ದರೆ. ಇಲ್ಲಿ ನಕ್ಕವನು ಅದೇ ರಥದಲ್ಲಿ, ಅರ್ಜುನನಿಗಿಂತ ಕೆಳಗಿನ ಸಾರಥಿಯ ಪೀಠದಲ್ಲಿ, ಶತ್ರುಗಳ ಬಾಣ ಮೊದಲು ತನಗೇ ತಗಲುವಂತೆ ಕುಳಿತಿದ್ದಾನೆ. ಆತನು ನಕ್ಕದ್ದು ಅರ್ಜುನನ ಸಂಕಟಕ್ಕಲ್ಲ. ನಾನು ಕೊಲ್ಲುವವನು, ನನ್ನವರು ಸಾಯುವವರು ಎಂದು ಮಹಾಪಂಡಿತನಂತೆ ವಾದಿಸುತ್ತಿರುವ ಅಭಿಮಾನಕ್ಕೆ, ಶೋಕವು ಶಾಸ್ತ್ರದ ವೇಷ ಹಾಕಿಕೊಂಡು ಬಂದುದಕ್ಕೆ, ಆ ಮಂದಹಾಸ. ಅದು ಅರ್ಜುನನನ್ನು ಕುಗ್ಗಿಸಲಿಲ್ಲ; ಅವನಿಗೂ ಅವನ ವೇಷಕ್ಕೂ ನಡುವೆ ಕೂದಲೆಳೆಯಷ್ಟು ಎಡೆಯನ್ನು ಮಾಡಿಕೊಟ್ಟಿತು. ಉಪದೇಶವೆಲ್ಲವೂ ಒಳಹೊಕ್ಕದ್ದು ಆ ಎಡೆಯಿಂದಲೇ.

ಈ ಎರಡನೆಯ ಬಗೆಯ ನಗುವನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರೆಂಬುದಕ್ಕೆ ಗ್ರಂಥಗಳಿಗಿಂತಲೂ ಬಲವಾದ ನಿದರ್ಶನವು ಕೇರಳದ ದೇವಾಲಯಗಳಲ್ಲಿದೆ. ಅಲ್ಲಿನ ಕೂತ್ತಂಬಲಗಳಲ್ಲಿ, ಎಂದರೆ ದೇವಾಲಯದ ಪ್ರಾಕಾರದೊಳಗೇ ಕಟ್ಟಿದ ನಾಟ್ಯಮಂಟಪಗಳಲ್ಲಿ, ಚಾಕ್ಯಾರನೆಂಬ ಕಲಾವಿದನು ತಲೆಗೆ ವಿಚಿತ್ರವಾದ ಶಿರೋವೇಷ್ಟನವನ್ನು ಧರಿಸಿ, ಏಕಾಕಿಯಾಗಿ ನಿಂತು, ಹಿಂದಿನಿಂದ ನಂಬಿಯಾರನು ಮಿಳಾವೆಂಬ ವಾದ್ಯದ ಮೇಲೆ ನುಡಿಸುವ ಗತಿಗೆ ಹೊಂದಿಕೊಂಡು, ಪ್ರಬಂಧದ ಸಂಸ್ಕೃತ ಶ್ಲೋಕವೊಂದನ್ನು ಹೇಳಿ, ಅದರ ಅರ್ಥವನ್ನು ಮಲೆಯಾಳದಲ್ಲಿ ಬಿಡಿಸುತ್ತ ಬಿಡಿಸುತ್ತ, ಪುರಾಣದ ಪಾತ್ರದಿಂದ ಎದುರಿಗೆ ಕುಳಿತ ಸಭಿಕನ ಮೇಲೆ ಜಾರುತ್ತಾನೆ. ಲೋಭಿಯಾದ ಧನಿಕನು, ಅನ್ನಕ್ಕಾಗಿ ಓಡಾಡುವ ಪುರೋಹಿತನು, ಅಧಿಕಾರದ ಮದವೇರಿದ ರಾಜಪುರುಷನು, ಅಷ್ಟೇಕೆ, ಸ್ವಯಂ ರಾಜನೇ ಬಂದು ಕುಳಿತಿದ್ದರೂ ಚಾಕ್ಯಾರನ ನಾಲಗೆಗೆ ತಡೆಯಿಲ್ಲ. ಹಾಸ್ಯಕ್ಕೆ ಗುರಿಯಾದವನು ಪ್ರತ್ಯುತ್ತರ ಕೊಡಕೂಡದೆಂಬುದು ಅಲ್ಲಿನ ಮರ್ಯಾದೆ. ಇಂದು ಮೈಕಿನ ಮುಂದೆ ಒಂಟಿಯಾಗಿ ನಿಂತು ಮಾತನಾಡುವ ಹಾಸ್ಯಗಾರನ ಕಲೆಯನ್ನು ಪಾಶ್ಚಾತ್ಯರಿಂದ ಬಂದದ್ದೆಂದು ಭಾವಿಸುವವರು ಒಮ್ಮೆ ಚಾಕ್ಯಾರ್ ಕೂತ್ತನ್ನು ನೋಡಬೇಕು.

ಅದೇ ಪರಂಪರೆಯ ಕೂಡಿಯಾಟ್ಟವೆಂಬ ಸಂಸ್ಕೃತ ನಾಟಕಪ್ರಯೋಗದಲ್ಲಿ ವಿದೂಷಕನಿಗೆ ಅನೇಕ ರಾತ್ರಿಗಳನ್ನು ಬಿಟ್ಟುಕೊಟ್ಟಿದ್ದಾರೆ. ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ಚತುರ್ವಿಧ ಪುರುಷಾರ್ಥಗಳ ಸ್ಥಾನದಲ್ಲಿ ಅವನು ಅಶನ, ವಿನೋದ, ವಂಚನೆ, ರಾಜಸೇವೆಗಳೆಂಬ ನಾಲ್ಕನ್ನು ಸ್ಥಾಪಿಸಿ, ಮನುಷ್ಯನು ನಿಜವಾಗಿ ಬದುಕುವುದು ಇವುಗಳಿಗಾಗಿಯೇ ಎಂದು ಶಾಸ್ತ್ರೋಕ್ತ ಗಾಂಭೀರ್ಯದಿಂದ ಉಪನ್ಯಾಸ ಮಾಡುತ್ತಾನೆ. ಇದು ಗರ್ಭಗುಡಿಯಿಂದ ಕೂಗಳತೆಯಲ್ಲಿ, ಯಜ್ಞಸಮಾನವೆಂದು ಭಾವಿಸಲ್ಪಟ್ಟ ಪ್ರಯೋಗದ ಅಂಗವಾಗಿ ನಡೆಯುತ್ತಿತ್ತೆಂಬುದನ್ನು ಮರೆಯಬಾರದು. ಧರ್ಮವನ್ನು ನಂಬಿದವರು ಧರ್ಮದ ಅಣಕಕ್ಕೆ ದೇವರ ಸನ್ನಿಧಿಯಲ್ಲಿಯೇ ಏಕೆ ಎಡೆಮಾಡಿಕೊಟ್ಟರು? ನನಗೆ ತೋರುವ ಸಮಾಧಾನವಿದು. ನಾಲ್ಕು ಪುರುಷಾರ್ಥಗಳ ಹೆಸರನ್ನು ಬಾಯಲ್ಲಿ ಹೇಳುತ್ತ ವಿದೂಷಕನ ನಾಲ್ಕನ್ನು ಬಾಳಿನಲ್ಲಿ ಆಚರಿಸುವುದು ಸಭೆಯಲ್ಲಿ ಕುಳಿತ ಪ್ರತಿಯೊಬ್ಬನ ಗುಟ್ಟು. ಆ ಗುಟ್ಟನ್ನು ಉಪದೇಶಕನು ಬಯಲು ಮಾಡಿದರೆ ಸಭಿಕನು ಕೋಪಗೊಳ್ಳುತ್ತಾನೆ ಅಥವಾ ಪಕ್ಕದವನ ಕಡೆ ನೋಡುತ್ತಾನೆ. ಹಾಸ್ಯಗಾರನು ಬಯಲು ಮಾಡಿದರೆ, ತಡೆಯುವ ಮೊದಲೇ ನಗು ಹೊರಬಿದ್ದು, ನಕ್ಕದ್ದೇ ಒಪ್ಪಿಗೆಯಾಗುತ್ತದೆ. ಪ್ರಾಯಶ್ಚಿತ್ತಕ್ಕೆ ಮೊದಲು ಆಗಬೇಕಾದ ಪಾಪನಿವೇದನೆಯು ಇಲ್ಲಿ ಸಾಮೂಹಿಕವಾಗಿ, ಬಲಾತ್ಕಾರವಿಲ್ಲದೆ, ಸಂತೋಷಪೂರ್ವಕವಾಗಿ ನಡೆದುಹೋಗುತ್ತದೆ.

ಭರತಮುನಿಯು ಹಾಸ್ಯರಸಕ್ಕೆ ಶಿವನ ಗಣಗಳಾದ ಪ್ರಮಥರನ್ನು ಅಧಿದೇವತೆಯನ್ನಾಗಿಯೂ ಬಿಳುಪನ್ನು ವರ್ಣವನ್ನಾಗಿಯೂ ಹೇಳಿ, ಸ್ಮಿತದಿಂದ ಅತಿಹಸಿತದವರೆಗೆ ನಗುವನ್ನು ಆರು ಬಗೆಯಾಗಿ ವಿಂಗಡಿಸಿ, ಉತ್ತಮರಿಗೆ ಎರಡು, ಮಧ್ಯಮರಿಗೆ ಎರಡು, ಅಧಮರಿಗೆ ಎರಡು ಎಂದು ಹಂಚಿದನು. ಈ ಹಂಚಿಕೆಯು ಬಾಯಿ ಎಷ್ಟು ತೆರೆಯಿತೆಂಬುದನ್ನು ಅಳೆಯುತ್ತದೆಯೇ ಹೊರತು ಮನಸ್ಸು ಎಷ್ಟು ತೆರೆಯಿತೆಂಬುದನ್ನಲ್ಲ. ನನಗೆ ಇದರಲ್ಲಿ ಅಷ್ಟು ಆಸಕ್ತಿಯಿಲ್ಲ. ಅಭಿನವಗುಪ್ತನು ಅದಕ್ಕೆ ಸೇರಿಸಿದ ವಿಚಾರವಾದರೋ ಬಹು ದೂರ ಹೋಗುತ್ತದೆ. ಯಾವುದೇ ರಸವಾಗಲಿ, ತನಗೆ ಉಚಿತವಲ್ಲದ ಸ್ಥಾನದಲ್ಲಿ ಕಾಣಿಸಿಕೊಂಡು ಆಭಾಸವಾದಾಗ ಹಾಸ್ಯಕ್ಕೆ ಕಾರಣವಾಗುತ್ತದೆ. ಮೋಕ್ಷಕ್ಕೆ ಕಾರಣವಲ್ಲದ್ದನ್ನು ಮೋಕ್ಷಮಾರ್ಗವೆಂದು ಮೆರೆಸುವಾಗ ಶಾಂತದ ಆಭಾಸವೂ ಹಾಸ್ಯವೇ ಆಗುತ್ತದೆ ಎಂದು ಆ ಮಹಾಶೈವನು ನಿರ್ಣಯಿಸಿದ್ದಾನೆ. ಪಲ್ಲವರಾಜನಾದ ಮಹೇಂದ್ರವರ್ಮನು ಏಳನೆಯ ಶತಮಾನದಲ್ಲಿ ರಚಿಸಿದ 'ಮತ್ತವಿಲಾಸ' ಪ್ರಹಸನವು ಇದಕ್ಕೆ ಸಿದ್ಧ ಉದಾಹರಣೆ. ಸರ್ವಸಂಗಪರಿತ್ಯಾಗಿಯೆಂದು ಹೇಳಿಕೊಳ್ಳುವ ಕಾಪಾಲಿಕನೊಬ್ಬನು ಕಳೆದುಹೋದ ತನ್ನ ಕಪಾಲಪಾತ್ರೆಗಾಗಿ ಕಾಂಚಿಯ ಬೀದಿಯಲ್ಲಿ ಬೌದ್ಧಭಿಕ್ಷುವಿನೊಡನೆ ಕೈಕೈ ಮಿಲಾಯಿಸುತ್ತಾನೆ. ಪಾತ್ರೆಯನ್ನು ಕಚ್ಚಿಕೊಂಡು ಹೋಗಿದ್ದುದು ನಾಯಿ. ವಿರಕ್ತನ ಮಮಕಾರವು ತಲೆಯೋಡೊಂದಕ್ಕೆ ಅಂಟಿಕೊಂಡಿರುವುದನ್ನು ಕಂಡು ನಕ್ಕವನು ತನ್ನ ಕೈಯಲ್ಲಿರುವ ಓಡನ್ನು ಒಂದು ಕ್ಷಣವಾದರೂ ನೋಡಿಕೊಳ್ಳದಿರಲಾರ.

ಈಗ ನನಗೆ ಎಲ್ಲರಿಗಿಂತ ಮಿಗಿಲಾಗಿ ಪ್ರಿಯನಾದ ಹಾಸ್ಯಗಾರನ ಮಾತಿಗೆ ಬರುತ್ತೇನೆ. ಆತನು ನಮ್ಮ ನಾಡಿನವನಲ್ಲ. ಅಮೆರಿಕದ ಇಲಿನಾಯ್ ಸಂಸ್ಥಾನದ ಪಿಯೋರಿಯಾ ಎಂಬ ಊರಿನಲ್ಲಿ 1940ರಲ್ಲಿ ಹುಟ್ಟಿ, ಅಜ್ಜಿಯು ನಡೆಸುತ್ತಿದ್ದ ವೇಶ್ಯಾಗೃಹದಲ್ಲಿ ಬೆಳೆದ ರಿಚರ್ಡ್ ಪ್ರಯರ್ ಎಂಬ ಕಪ್ಪು ಜನಾಂಗದ ಕಲಾವಿದನು. ಆತನ ಮಾತು ಒರಟು. ಗೃಹಸ್ಥರ ಮನೆಯಲ್ಲಿ ಉಚ್ಚರಿಸಲಾಗದ ಶಬ್ದಗಳು ಅದರಲ್ಲಿ ಹೇರಳವಾಗಿವೆ. ಆತನ ಬಾಳು ಅದಕ್ಕಿಂತಲೂ ಒರಟು. ಧರ್ಮವಿಚಾರದ ಪ್ರಬಂಧದಲ್ಲಿ ಇಂಥವನಿಗೆ ಸ್ಥಾನವೇಕೆ ಎಂದು ಕೇಳುವವರು 1979ರಲ್ಲಿ ತೆರೆಗೆ ಬಂದ ಆತನ ರಂಗಪ್ರದರ್ಶನದ ಚಿತ್ರವನ್ನು ನೋಡಬೇಕು. ಅದರಲ್ಲಿ ಆತನು ತನಗೆ ಬಂದ ಹೃದಯಾಘಾತವನ್ನು ಅಭಿನಯಿಸಿ ತೋರಿಸುತ್ತಾನೆ. ನೋಯುತ್ತಿರುವ ಹೃದಯವು ಬೀದಿಯ ಪುಂಡನೊಬ್ಬನ ಧ್ವನಿಯಲ್ಲಿ ಆತನನ್ನು ಗದರಿಸುತ್ತದೆ, ಉಸಿರಾಡಬೇಡವೆಂದು ಆಜ್ಞಾಪಿಸುತ್ತದೆ, ಬೇಕಾದ್ದನ್ನೆಲ್ಲ ತಿನ್ನುವಾಗ ಬಾರದಿದ್ದ ಮರಣಚಿಂತೆ ಈಗೇಕೆ ಬಂತೆಂದು ವಿಚಾರಣೆ ನಡೆಸುತ್ತದೆ. ಆತನು ಮೊಣಕಾಲೂರಿ, ನೆಲಕ್ಕೆ ಬಿದ್ದು, ಬೇಡಿಕೊಳ್ಳುತ್ತಾನೆ. ಹೃದಯಕ್ಕೆ ತಿಳಿಯದಂತೆ ದೇವರಲ್ಲಿ ಮೊರೆಯಿಡಲು ಹೋಗಿ ಸಿಕ್ಕಿಬೀಳುತ್ತಾನೆ. ಸಭೆಯು ಉಸಿರುಕಟ್ಟಿ ನಗುತ್ತದೆ. ಇಲ್ಲಿ ಬಿದ್ದವನು ಯಾರು? ಹೇಳುತ್ತಿರುವವನೇ. ಯಾವ ದುರ್ಯೋಧನನೂ ಇಲ್ಲಿ ಮನಸ್ಸಿನಲ್ಲಿ ವಿಷವನ್ನಿಟ್ಟುಕೊಂಡು ಮನೆಗೆ ಹೋಗಬೇಕಾದುದಿಲ್ಲ.

ಮರುವರ್ಷವೇ, 1980ರಲ್ಲಿ, ಮಾದಕದ್ರವ್ಯದ ಅಮಲಿನಲ್ಲಿ ಆತನು ತನ್ನ ಮೈಗೆ ತಾನೇ ಬೆಂಕಿ ಹಚ್ಚಿಕೊಂಡು, ಉರಿಯುತ್ತ ಬೀದಿಗೆ ಓಡಿ, ಸಾವಿನ ಬಾಗಿಲಿಗೆ ಹೋಗಿ ಮರಳಿದನು. 1982ರ ಚಿತ್ರದಲ್ಲಿ ಆತನು ಆ ಸಂಗತಿಯನ್ನೂ ರಂಗದ ಮೇಲೆ ತಂದನು. ಸುಟ್ಟ ಗಾಯಗಳನ್ನು ತೊಳೆಸಿಕೊಂಡ ಯಾತನೆಯನ್ನೂ, ಆ ದ್ರವ್ಯವನ್ನು ಸೇದುವ ಕೊಳವೆಯು ಆಪ್ತಮಿತ್ರನ ಸವಿನುಡಿಯಲ್ಲಿ ತನ್ನನ್ನು ಕೋಣೆಯೊಳಕ್ಕೆ ಕರೆಯುತ್ತಿದ್ದ ರೀತಿಯನ್ನೂ, ಸ್ನೇಹಿತರ ಮಾತನ್ನು ತಾನು ತಳ್ಳಿಹಾಕಿದ ಮೌಢ್ಯವನ್ನೂ ಬಣ್ಣಿಸಿ, ಕೊನೆಯಲ್ಲಿ ಕಡ್ಡಿಯೊಂದನ್ನು ಗೀರಿ, ಉರಿಯುವ ಕಡ್ಡಿಯನ್ನು ಗಾಳಿಯಲ್ಲಿ ಸಾಗಿಸುತ್ತ, ಬೀದಿಯಲ್ಲಿ ಓಡುತ್ತಿರುವ ತಾನೇ ಅದೆಂದು ಜನರು ತನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ ವಿನೋದವನ್ನು ಅವರ ಮುಂದೆಯೇ ಆಡಿ ತೋರಿಸಿದನು. ಅದೇ ಚಿತ್ರದಲ್ಲಿ ಆತನು ಆಫ್ರಿಕದ ಕೀನ್ಯಾ ದೇಶಕ್ಕೆ ಹೋಗಿಬಂದ ಕಥೆಯನ್ನೂ ಹೇಳುತ್ತಾನೆ. ತನ್ನ ಜನಾಂಗವನ್ನು ಹೀನಾಯವಾಗಿ ಕರೆಯುವ ಶಬ್ದವೊಂದನ್ನು ಆತನು ವರ್ಷಗಟ್ಟಲೆ ರಂಗದ ಮೇಲೆ ಬಳಸಿ ಕೀರ್ತಿ ಗಳಿಸಿದ್ದನು. ಕೀನ್ಯಾದಲ್ಲಿ ತನ್ನ ಸುತ್ತ ಕಂಡ ಜನರಲ್ಲಿ ಒಬ್ಬರಿಗೂ ಆ ಶಬ್ದ ಒಪ್ಪುವುದಿಲ್ಲವೆಂಬುದು ಹೊಳೆದು, ಇನ್ನು ಮುಂದೆ ಅದನ್ನು ಉಚ್ಚರಿಸೆನೆಂದು ಸಂಕಲ್ಪಿಸಿದನು. ಚಪ್ಪಾಳೆಯನ್ನು ಖಚಿತವಾಗಿ ತರುವ ಮಾತೊಂದನ್ನು ಹಾಸ್ಯಗಾರನು ಸತ್ಯಕ್ಕಾಗಿ ತ್ಯಜಿಸುವುದು ಸಣ್ಣ ತಪಸ್ಸೆಂದು ನಾನು ಎಣಿಸಲಾರೆ.

ಒಂದೇ ವೃಕ್ಷವನ್ನು ಆಶ್ರಯಿಸಿದ ಎರಡು ಪಕ್ಷಿಗಳ ಪ್ರಸಂಗವು ಮುಂಡಕೋಪನಿಷತ್ತಿನಲ್ಲಿದೆ. ಒಂದು ಹಣ್ಣನ್ನು ತಿನ್ನುತ್ತದೆ, ಇನ್ನೊಂದು ತಿನ್ನದೆ ಸುಮ್ಮನೆ ನೋಡುತ್ತದೆ. ತಿನ್ನುವುದು ದೀನವಾಗಿ ಶೋಕಿಸುತ್ತಿದ್ದು, ನೋಡುವ ಪಕ್ಷಿಯ ಕಡೆ ದೃಷ್ಟಿ ಹೊರಳಿದಾಗ ಶೋಕವನ್ನು ದಾಟುತ್ತದೆ. ಪ್ರಯರನ ಪ್ರದರ್ಶನಗಳನ್ನು ನೋಡುವಾಗಲೆಲ್ಲ ನನಗೆ ಈ ಮಂತ್ರವೇ ಮನಸ್ಸಿಗೆ ಬರುತ್ತದೆ. ನೆಲಕ್ಕೆ ಬಿದ್ದು ಹೊರಳುವವನೂ ಆತನೇ, ಹೊರಳುವವನನ್ನು ಕಂಡು ನಮಗೆ ತೋರಿಸುವವನೂ ಆತನೇ. ಉರಿದವನೇ ಉರಿಯನ್ನು ನೋಡುವವನಾಗುವ ಈ ಸಾಕ್ಷಿಭಾವವು ಯೋಗಿಗೆ ಬಹುಕಾಲದ ಅಭ್ಯಾಸದಿಂದ ಸಿದ್ಧಿಸತಕ್ಕದ್ದು. ಹಾಸ್ಯಗಾರನು ಅದರ ಛಾಯೆಯೊಂದನ್ನು ಕೆಲವು ನಿಮಿಷಗಳ ಮಟ್ಟಿಗೆ ಹಿಡಿದು, ತನ್ನೊಡನೆ ನಮ್ಮನ್ನೂ ಆ ಕೊಂಬೆಯ ಮೇಲೆ ಕೂರಿಸುತ್ತಾನೆ. ಆತನ ಹಾಸ್ಯದ ರಹಸ್ಯವೂ ಇದೇ ಎಂದು ನನ್ನ ಅಭಿಪ್ರಾಯ. ಧ್ವನಿಯನ್ನು ಬದಲಾಯಿಸುವ ಆತನ ಸಾಮರ್ಥ್ಯ, ಮೃಗಪಕ್ಷಿಗಳನ್ನೂ ಅಂಗಾಂಗಗಳನ್ನೂ ಮಾತನಾಡಿಸುವ ಪ್ರತಿಭೆ, ಮೌನವನ್ನು ಎಷ್ಟು ಹೊತ್ತು ಎಳೆಯಬೇಕೆಂಬ ಕಾಲಜ್ಞಾನ, ಇವೆಲ್ಲವೂ ಅದ್ಭುತವೇ. ಆದರೆ ಇವು ಇತರರಲ್ಲಿಯೂ ಇವೆ. ಆತ್ಮರಕ್ಷಣೆಯನ್ನು ಪೂರ್ಣವಾಗಿ ಬಿಟ್ಟುಕೊಟ್ಟು ನಿಲ್ಲುವ ನಿರ್ಭಯತೆಯು ಅವರಲ್ಲಿ ವಿರಳ. ನಗುವಿಗೆ ಹೃದಯವು ಕ್ಷಣಕಾಲ ಮರಗಟ್ಟುವುದು ಅವಶ್ಯಕವೆಂದು ಫ್ರಾನ್ಸಿನ ದಾರ್ಶನಿಕ ಬರ್ಗ್‌ಸನ್ನನು 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದನು. ಪ್ರಯರನ ಸಭೆಯಲ್ಲಿ ನಕ್ಕವರ ಹೃದಯ ಮರಗಟ್ಟಿರಲಿಲ್ಲ. ಅವರ ಕಣ್ಣುಗಳು ಒದ್ದೆಯಾಗಿದ್ದುವು.

ಕರುಣ ಹಾಸ್ಯಗಳು ಪರಸ್ಪರ ವಿರೋಧಿಗಳಲ್ಲವೆಂಬುದನ್ನು ನಮ್ಮ ಯಕ್ಷಗಾನದ ಹಾಸ್ಯಗಾರರು ಬಹುಕಾಲದಿಂದ ಬಲ್ಲರು. ನಳದಮಯಂತಿ ಪ್ರಸಂಗದಲ್ಲಿ ಕಾರ್ಕೋಟಕನ ವಿಷದಿಂದ ವಿಕಾರನಾದ ಬಾಹುಕನ ವೇಷವು ಹಾಸ್ಯಗಾರನ ಪಾಲಿಗೆ ಬರುತ್ತದೆ. ಆತನ ಕುರೂಪವನ್ನೂ ವಕ್ರ ನಡಿಗೆಯನ್ನೂ ಕಂಡು ಬಯಲಾಟದ ಜನ ನಗುತ್ತಿರುವಾಗಲೇ, ಆ ಚರ್ಮದೊಳಗೆ ರಾಜ್ಯಭ್ರಷ್ಟನಾದ ನಳನು ಹೆಂಡತಿಯ ಹೆಸರನ್ನು ಕೇಳಿ ತಲ್ಲಣಿಸುತ್ತಿರುವುದು ಅವರಿಗೆ ತಿಳಿದೇ ಇರುತ್ತದೆ. ವಿಟ್ಲ ಗೋಪಾಲಕೃಷ್ಣ ಜೋಶಿಯವರಂಥ ಹಾಸ್ಯಗಾರರನ್ನು ಕರಾವಳಿಯ ಜನ ಕೇವಲ ನಗಿಸುವವರೆಂದು ಗೌರವಿಸಲಿಲ್ಲ. ರಾಜವೇಷಗಳೆಲ್ಲ ಪ್ರೌಢಭಾಷೆಯಲ್ಲಿ ಗರ್ಜಿಸುವ ರಂಗದಲ್ಲಿ ಮನೆಮಾತನ್ನಾಡುವ ಒಬ್ಬನಿರಬೇಕಾದದ್ದು ಪ್ರಸಂಗದ ಮರ್ಮಕ್ಕೇ ಅವಶ್ಯಕವೆಂದು ತಿಳಿದು ಗೌರವಿಸಿದರು.

ಮನುಷ್ಯರನ್ನು ಕುರಿತು ನಗುವುದಾಯಿತು, ದೇವರನ್ನು ಕುರಿತು ನಗಬಹುದೇ? ಈ ಪ್ರಶ್ನೆಯು ಇತ್ತೀಚೆಗೆ ನ್ಯಾಯಾಲಯಗಳ ಮೆಟ್ಟಿಲನ್ನೂ ಹತ್ತಿದೆ. 2021ರ ಆರಂಭದಲ್ಲಿ ಇಂದೋರಿನಲ್ಲಿ ಯುವ ಹಾಸ್ಯಗಾರನೊಬ್ಬನು ದೇವತಾನಿಂದೆಯ ಆರೋಪದ ಮೇಲೆ ಬಂಧಿತನಾಗಿ ಒಂದು ತಿಂಗಳಿಗೂ ಮಿಕ್ಕಿ ಸೆರೆಮನೆಯಲ್ಲಿದ್ದನು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಆತನ ಪ್ರದರ್ಶನವು ಪೊಲೀಸರ ಸೂಚನೆಯ ಮೇರೆಗೆ ನಿಂತುಹೋಯಿತು. ನಂಬಿಕೆಯುಳ್ಳವರ ಮನಸ್ಸು ನೋಯುವುದು ಸುಳ್ಳಲ್ಲ, ಅದನ್ನು ತೃಣೀಕರಿಸುವುದು ಸಭ್ಯತೆಯೂ ಅಲ್ಲ. ಆದರೆ ನೊಂದದ್ದು ದೇವರೇ, ಅಥವಾ ದೇವರನ್ನು ನಮ್ಮ ಸೊತ್ತೆಂದು ಭಾವಿಸಿದ ನಮ್ಮ ಮಮಕಾರವೇ ಎಂದು ಭಕ್ತನಾದವನು ಏಕಾಂತದಲ್ಲಿ ಕೇಳಿಕೊಳ್ಳಲೇಬೇಕಾಗುತ್ತದೆ. ಸಾವಿರ ತಲೆಯ ಮಹಾಕಾಳಿಯು ಪ್ರತ್ಯಕ್ಷಳಾದಾಗ, ಈ ತಾಯಿಗೆ ನೆಗಡಿಯಾದರೆ ಎರಡೇ ಕೈಗಳಿಂದ ಇಷ್ಟು ಮೂಗುಗಳನ್ನು ಹೇಗೆ ಒರಸಿಕೊಂಡಾಳೆಂದು ತೆನಾಲಿಯ ರಾಮಕೃಷ್ಣನು ನಕ್ಕನಂತೆ. ದೇವಿಯು ಮುನಿಯಲಿಲ್ಲ, ತಾನೂ ನಕ್ಕು ಅವನನ್ನು ವಿಕಟಕವಿಯಾಗೆಂದು ಹರಸಿದಳಂತೆ. ಈ ಐತಿಹ್ಯವನ್ನು ಕಟ್ಟಿ, ತಲೆಮಾರಿನಿಂದ ತಲೆಮಾರಿಗೆ ಮಕ್ಕಳಿಗೆ ಹೇಳುತ್ತ ಬಂದವರು ನಾಸ್ತಿಕರಲ್ಲ. ನಮ್ಮ ಹರಿದಾಸರು ನಿಂದಾಸ್ತುತಿಯೆಂಬ ಪ್ರಕಾರವನ್ನೇ ಬೆಳೆಸಿ, ಪುರಂದರ ವಿಠಲನನ್ನು ಬಾಯಿತುಂಬ ಬಯ್ದು ಹಾಡಿದರು. ಬಯ್ಯುವಷ್ಟು ಸಲಿಗೆ ಯಾರಿಗೆ ಇದೆಯೋ ಅವರಿಗೆ ದೇವರು ಹತ್ತಿರದವನು.

ದೇವರನ್ನು ನಂಬದವನ ನಗುವಿನಲ್ಲಿಯೂ ಇಂಥದೊಂದು ಗೌರವ ಸಾಧ್ಯವೆಂಬುದನ್ನು ನಾನು ಐರ್ಲೆಂಡಿನ ಹಾಸ್ಯಗಾರ ಡೇವ್ ಆಲನ್ನನಲ್ಲಿ ಕಂಡೆ. ಎತ್ತರದ ಪೀಠದ ಮೇಲೆ ಕುಳಿತು, ಕೈಯಲ್ಲಿ ಲೋಟ ಹಿಡಿದು, ಮನೆಗೆ ಬಂದ ಅತಿಥಿಯಂತೆ ನಿಧಾನವಾಗಿ ಮಾತನಾಡುತ್ತ, ಪಾದ್ರಿಗಳನ್ನೂ ಸನ್ಯಾಸಿನಿಯರನ್ನೂ ಪೋಪರನ್ನೂ ಆತನು ವರ್ಷಗಟ್ಟಲೆ ವಿಡಂಬಿಸಿದನು. ಆದರೆ ಪ್ರತಿ ಸಂಜೆಯ ಕೊನೆಯಲ್ಲಿ, ನಿಮ್ಮ ನಿಮ್ಮ ದೇವರು ನಿಮ್ಮೊಡನೆ ಇರಲೆಂದು ಹಾರೈಸಿ ಬೀಳ್ಕೊಡುತ್ತಿದ್ದನು. ಆತನು ನಕ್ಕದ್ದು ಮಕ್ಕಳನ್ನು ದೇವರ ಹೆಸರಿನಲ್ಲಿ ಹೆದರಿಸುವ ಅಧಿಕಾರವನ್ನು ಕುರಿತು. ಮುದುಕಿಯೊಬ್ಬಳ ಮೇಣದ ಬತ್ತಿಯನ್ನು ಕುರಿತಲ್ಲ. ಈ ವ್ಯತ್ಯಾಸವನ್ನು ಬಲ್ಲ ಹಾಸ್ಯಗಾರನಿಗೆ ಕಾನೂನಿನ ಅಂಕುಶ ಬೇಕಾಗದು. ಅರಿಯದವನನ್ನು ಅಂಕುಶದಿಂದ ತಿದ್ದಲಾಗದು.

ಇಷ್ಟು ಹೇಳಿದರೂ ಬುದ್ಧನ ಆಕ್ಷೇಪದ ಒಂದು ಭಾಗ ಉಳಿದೇ ಇದೆ. ನಗುವು ಬಿಡುಗಡೆಯೇ ಆದರೆ, ನಕ್ಕವರು ಬಿಡುಗಡೆ ಹೊಂದಿದ್ದನ್ನು ಕಾಣೆವಲ್ಲ? ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ' ನಾಟಕವನ್ನು ಕನ್ನಡನಾಡಿನ ಊರೂರುಗಳಲ್ಲಿ ಸಾವಿರಾರು ಬಾರಿ ಪ್ರದರ್ಶಿಸಿದರು. 2019ರಲ್ಲಿ ಅವರು ನಿಧನರಾಗುವ ವೇಳೆಗೆ ನಾಡಿನಲ್ಲಿ ಲಂಚವು ಕಡಿಮೆಯಾಗಿತ್ತೆಂದು ಯಾರೂ ಹೇಳಲಾರರು. ಸಭಿಕರು ಹೊಟ್ಟೆ ಹಿಡಿದುಕೊಂಡು ನಕ್ಕು, ಮನಸ್ಸನ್ನು ಹಗುರ ಮಾಡಿಕೊಂಡು, ಮರುದಿನ ಕಚೇರಿಗೆ ಹೋಗಿ ಎಂದಿನಂತೆ ಕೊಟ್ಟರು, ಎಂದಿನಂತೆ ತೆಗೆದುಕೊಂಡರು. ಹಗುರವಾಗುವುದೇ ಒಂದು ದೋಷವೇನೋ, ಸಿಟ್ಟಾಗಿ ಬೆಳೆದು ಕಾರ್ಯಕ್ಕೆ ಇಳಿಯಬೇಕಾಗಿದ್ದುದು ನಗುವಾಗಿ ಆವಿಯಾಗುವುದೇನೋ ಎಂಬ ಸಂಶಯ ನನಗೂ ಇದೆ. ಇದನ್ನು ಪೂರ್ಣವಾಗಿ ಪರಿಹರಿಸುವ ವಾದವು ನನ್ನಲ್ಲಿಲ್ಲ. ಸಾಕ್ಷಿಭಾವದ ಛಾಯೆಯು ಸಾಕ್ಷಿಭಾವವಲ್ಲ. ಕೊಂಬೆಯಿಂದ ಇಳಿದ ಪಕ್ಷಿಯು ಮತ್ತೆ ಹಣ್ಣಿನ ಕಡೆಗೇ ಹೋಗುತ್ತದೆ. ಸಾಧನೆಯು ಮಾಡಬೇಕಾದ ಕೆಲಸವನ್ನು ಹಾಸ್ಯವು ಮಾಡಲೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಆದರೆ ಹಿರಣ್ಣಯ್ಯನವರ ರಂಗವಿಧಾನದಲ್ಲಿ ಒಂದು ವಿಶೇಷವಿತ್ತು. ಕಥೆ ನಡೆಯುತ್ತಿರುವಾಗಲೇ ಅವರು ಪಾತ್ರದಿಂದ ಹೊರಬಂದು, ರಂಗದ ಮುಂಭಾಗಕ್ಕೆ ನ‌ಡೆದು, ಆ ದಿನದ ಸುದ್ದಿಯನ್ನೆತ್ತಿಕೊಂಡು, ಮಂತ್ರಿಗಳಿರಲಿ, ಅಧಿಕಾರಿಗಳಿರಲಿ, ಎದುರಿಗೇ ಮಾತನಾಡಿಬಿಡುತ್ತಿದ್ದರು. ಮುಂದಿನ ಸಾಲಿನವರನ್ನು ಕಂಡು ಹಿಂದಿನ ಸಾಲಿನವರು ಆನಂದಿಸುತ್ತಿರುವಾಗ, ಅವರು ಹಿಂದಿನ ಸಾಲಿನ ಕಡೆಗೂ ತಿರುಗುತ್ತಿದ್ದರು: ಓಟನ್ನು ಮಾರಿಕೊಂಡವರು ಯಾರು, ಸರದಿಯಲ್ಲಿ ನಿಲ್ಲಲಾರದೆ ನೋಟನ್ನು ಮಡಿಸಿಕೊಟ್ಟವರು ಯಾರು ಎಂಬ ಧಾಟಿಯಲ್ಲಿ. ನಗುವು ಅಲ್ಲಿಗೆ ನಿಲ್ಲುತ್ತಿರಲಿಲ್ಲ, ಆದರೆ ಅದರ ಸ್ವರ ಬದಲಾಗುತ್ತಿತ್ತು. ಮೊದಲು ಮಂತ್ರಿಯನ್ನು ನೋಡಿ ನಕ್ಕವರು ಈಗ ತಲೆ ತಗ್ಗಿಸಿಕೊಂಡು ನಗುತ್ತಿದ್ದರು. ಹಾಸ್ಯಗಾರನೊಬ್ಬನನ್ನು ನನ್ನ ಪ್ರೀತಿಗೆ ಪಾತ್ರನೆಂದು ಎಣಿಸುವ ಮುಂಚೆ ನಾನು ಆತನಲ್ಲಿ ಹುಡುಕುವುದು ಈ ತಿರುಗುವಿಕೆಯನ್ನೇ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸಣ್ಣ ಸಣ್ಣ ಸಭಾಂಗಣಗಳಲ್ಲಿ ಇಂದು ಕನ್ನಡದಲ್ಲಿ ನಿಂತು ನಗಿಸುತ್ತಿರುವ ತರುಣ ತರುಣಿಯರಲ್ಲಿ ಕೆಲವರಿಗೆ ಅದು ಆಗಲೇ ಸಿದ್ಧಿಸಿದೆ. ಊರಿನ ಜಾತಿಯನ್ನೂ, ಮನೆಯ ದೇವರ ಕೋಣೆಯನ್ನೂ, ತಮ್ಮ ತಂದೆತಾಯಿಗಳ ಭಯವನ್ನೂ ಅವರು ಮಾತಿಗೆ ತರುವಾಗ, ಮೊದಲ ಏಟನ್ನು ತಮ್ಮ ಮೈಮೇಲೆ ಹಾಕಿಕೊಂಡೇ ಮುಂದಕ್ಕೆ ಹೋಗುತ್ತಾರೆ.